ಬರೆಯದೆ ಉಳಿದ ಭಾನುವಾರಗಳು

ನಮ್ಮ ಜನಪ್ರಿಯ ಕಾದಂಬರಿಗಳಲ್ಲಿ ವಿದೇಶಕ್ಕೆ ಓದಲು ಹೋಗುವವರು ಒಂದು ಅಧ್ಯಾಯದ ಕೊನೆಗೆ ವಿಮಾನ ಹತ್ತುತ್ತಾರೆ, ಮುಂದಿನ ಅಧ್ಯಾಯದ ಮೊದಲಿಗೆ ಸೂಟು ತೊಟ್ಟು ಇಳಿಯುತ್ತಾರೆ. ನಡುವಿನ ಎರಡು ಮೂರು ವರ್ಷ ಅವರು ಏನು ತಿಂದರು, ಬಟ್ಟೆ ಯಾರು ಒಗೆದರು, ಜ್ವರ ಬಂದಾಗ ಗಂಜಿ ಯಾರು ಕಾಯಿಸಿಕೊಟ್ಟರು, ರಜೆಯ ದಿನ ಎಲ್ಲಿ ಹೋಗಿ ಕೂತರು, ಒಂದೂ ನಮಗೆ ತಿಳಿಯುವುದಿಲ್ಲ. ಹಿಂದಿರುಗಿದ ಮೇಲೆ ಅವರು ಒಂದೋ ಕೆಟ್ಟಿರುತ್ತಾರೆ, ಇಲ್ಲವೇ ದೊಡ್ಡವರಾಗಿರುತ್ತಾರೆ. ಕಥೆಗೆ ಬೇಕಾದದ್ದು ಅಷ್ಟೇ.

ಇದು ಬರಿಯ ಸಾಹಿತ್ಯದ ತಕರಾರಾಗಿದ್ದರೆ ಮೇಷ್ಟರುಗಳು ನೋಡಿಕೊಳ್ಳುತ್ತಿದ್ದರು, ನಾನು ತಲೆ ಹಾಕುತ್ತಿರಲಿಲ್ಲ. ಆದರೆ ಈಗ ದುರ್ಗಿಗುಡಿಯ ಬೀದಿಯಲ್ಲಿ ಸಂಜೆ ಒಂದು ಸುತ್ತು ಬನ್ನಿ. ಮಗಳ ಜೊತೆ ದೊಡ್ಡ ಸೂಟ್‌ಕೇಸು ನೋಡಲು ಬಂದ ತಾಯಿ, ಇಬ್ಬರಿಗೆ ಸಾಕಾಗುವಷ್ಟು ಪುಟ್ಟ ಕುಕ್ಕರು ಕೇಳುವ ತಾಯಿ, ಉಣ್ಣೆಯ ಸ್ವೆಟರನ್ನು ಮುಟ್ಟಿ ಮುಟ್ಟಿ ನೋಡಿ 'ಇದು ಅಲ್ಲಿ ಸಾಕಾಗತ್ತೇನ್ರೀ?' ಎಂದು ಅಂಗಡಿಯವರನ್ನೇ ಕೇಳುವ ತಾಯಿ ಕಣ್ಣಿಗೆ ಬೀಳುತ್ತಾರೆ. ಮನೆಯಲ್ಲಿ ತೂಕದ ಯಂತ್ರದ ಮೇಲೆ ಪೆಟ್ಟಿಗೆ ಇಟ್ಟು 23 ಕಿಲೋ ದಾಟಿತೆಂದು ಮಿಡಿ ಉಪ್ಪಿನಕಾಯಿಯ ಡಬ್ಬ ತೆಗೆಯುವುದು, ಮನಸ್ಸು ತಡೆಯದೆ ಅದನ್ನೇ ಮತ್ತೆ ಸೇರಿಸಿ ಪುಸ್ತಕ ತೆಗೆಯುವುದು, ಇದೆಲ್ಲ ಇಂದು ಸಾಮಾನ್ಯವಾಗಿದೆ. ಹಿಂದೆ ಊರಿಗೆ ಒಬ್ಬ ಹುಡುಗ ಹೋಗುತ್ತಿದ್ದ. ಈಗ ಬೀದಿಗೆ ಒಬ್ಬ ಹುಡುಗಿ ಹೋಗುತ್ತಾಳೆ. ಆ ತಾಯಿಗೆ, ಆ ಮಗಳಿಗೆ ಕೈಗೆ ಕೊಡಲು ನಮ್ಮ ಭಾಷೆಯಲ್ಲಿ ಯಾವ ಪುಸ್ತಕವಿದೆ ಎಂದು ಹುಡುಕುತ್ತಾ ಹೋದಾಗ ಮೂಡಿದ ಮಾತುಗಳು ಇವು.

ಮೊದಲು 'ಬೆಳ್ಳಿ ಮೋಡ'. ತ್ರಿವೇಣಿಯವರ ಈ ಕಾದಂಬರಿಯನ್ನು ಓದದ ನಮ್ಮ ತಲೆಮಾರಿನ ಹೆಂಗಸರು ಕಡಿಮೆ. ಓದದವರೂ 1967ರಲ್ಲಿ ಪುಟ್ಟಣ್ಣ ಕಣಗಾಲ್ ತೆಗೆದ ಚಿತ್ರವನ್ನು ನೋಡಿಯೇ ಇರುತ್ತಾರೆ. ಕಾಫಿ ತೋಟದ ಸಾಹುಕಾರರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಲಿರುವ ಮೋಹನ ಅವಳ ತಂದೆಯ ದುಡ್ಡಿನಲ್ಲಿ ಅಮೆರಿಕೆಗೆ ಓದಲು ಹೋಗುತ್ತಾನೆ. ಅವನು ಅಲ್ಲಿರುವಾಗ ಇಲ್ಲಿ ಇಂದಿರಾಳಿಗೆ ಒಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ಗಂಡು ವಾರಸುದಾರ ಬಂದ ಮೇಲೆ, ಹಿಂದಿರುಗಿದ ಮೋಹನನಿಗೆ ಇಂದಿರಾ ಬೇಡವಾಗುತ್ತಾಳೆ. ಮುಂದೆ ಅವನು ಪೆಟ್ಟು ತಿಂದು ಮಲಗಿದಾಗ ಆರೈಕೆ ಮಾಡುವವಳು ಅವಳೇ. ಅವನ ಮನಸ್ಸು ತಿರುಗಿದಾಗ ಬೇಡ ಎನ್ನುವವಳೂ ಅವಳೇ. ಕಲ್ಪನಾ ಆ 'ಬೇಡ'ವನ್ನು ಅಭಿನಯಿಸಿದ ರೀತಿಯನ್ನು ನಮ್ಮ ಅಮ್ಮಂದಿರು ವರ್ಷಗಟ್ಟಲೆ ಮಾತಾಡಿಕೊಂಡರು.

ಈ ಕಥೆಯಲ್ಲಿ ಅಮೆರಿಕ ಎಂಬುದು ಒಂದು ಖಾಲಿ ಜಾಗ. ಮೋಹನ ಅಲ್ಲಿ ಏನು ಮಾಡಿದ ಎಂಬುದು ಕಥೆಯ ವಿಷಯವೇ ಅಲ್ಲ. ಇದು ತ್ರಿವೇಣಿಯವರ ದೌರ್ಬಲ್ಯವೆಂದು ನನಗೆ ಅನ್ನಿಸುವುದಿಲ್ಲ. ಮನಃಶಾಸ್ತ್ರ ಓದಿದ್ದ ಆ ಲೇಖಕಿ ನಿಂತದ್ದು ಕಾಯುವವಳ ಪಕ್ಕದಲ್ಲಿ. ಕಾಯುವವಳಿಗೆ ಕಾಣುವುದು ಕಾಗದ ಬಂದ ದಿನ, ಬಾರದ ದಿನ, ಇಷ್ಟೇ. ಅವಳ ಕಣ್ಣಿಗೆ ಕಾಣದ್ದನ್ನು ಬರೆಯದೆ ಬಿಟ್ಟದ್ದು ಕಲೆಯ ಪ್ರಾಮಾಣಿಕತೆ. ಅದರ ಜೊತೆಗೆ, ವಿದೇಶದ ಓದಿಗೆ ಹಣ ಯಾರದು, ಆ ಹಣದ ಹಿಂದೆ ಯಾವ ಕರಾರು ಇದೆ ಎಂಬ ಪ್ರಶ್ನೆಯನ್ನು ಅವರು ಕಥೆಯ ನಡುಮನೆಯಲ್ಲೇ ಇಟ್ಟರು. ಇಂದು ಆ ಜಾಗದಲ್ಲಿ ಬ್ಯಾಂಕಿನ ಸಾಲ ಕುಳಿತಿದೆ, ಅಡವಿಟ್ಟ ಮನೆಯ ಪತ್ರ ಕುಳಿತಿದೆ. ಪ್ರಶ್ನೆ ಹಳೆಯದಾಗಿಲ್ಲ.

ತಕರಾರು ಇರುವುದು ಮುಂದೆ ಬಂದ ಕಾದಂಬರಿಗಳ ಬಗ್ಗೆ. ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ಎಷ್ಟೋ ಮಂದಿ ನಾಯಕರು ಫಾರಿನ್ನಿಗೆ ಹೋಗಿ ಬಂದರು. ಅವರೆಲ್ಲ ತ್ರಿವೇಣಿಯವರಿಂದ ಆ ಖಾಲಿ ಜಾಗವನ್ನು ಮಾತ್ರ ತೆಗೆದುಕೊಂಡರು, ಅದು ಖಾಲಿ ಇದ್ದುದರ ಕಾರಣವನ್ನು ತೆಗೆದುಕೊಳ್ಳಲಿಲ್ಲ. ಕಾಯುವವಳಿಗೆ ಕಾಣದು ಎಂಬುದು ಒಂದು; ಲೇಖಕರಿಗೇ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸಕ್ತಿಯೂ ಇಲ್ಲ ಎಂಬುದು ಇನ್ನೊಂದು.

ಹಾಗಾದರೆ ಹೋಗಿ ಬಂದವರೇ ಬರೆದದ್ದು? ಅದು ಸಾಕಷ್ಟಿದೆ. ಗೋಕಾಕರು 1936ರಿಂದ 1938ರವರೆಗೆ ಆಕ್ಸ್‌ಫರ್ಡಿನಲ್ಲಿ ಓದಿದರು. ಕಡಲ ಪಯಣವೇ ಅವರಿಗೆ 'ಸಮುದ್ರ ಗೀತೆಗಳು' ಕೊಟ್ಟಿತು. ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರದ ಸಂಶೋಧನೆಗೆ ಹಾರ್ವರ್ಡಿಗೆ ಹೋದವರು. 'ಅಮೆರಿಕದಲ್ಲಿ ನಾನು' ಬರೆದರು. ಗಿರೀಶ ಕಾರ್ನಾಡರು 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೊರಟಾಗ, ಹೊರಡುವ ಮುಂಚಿನ ಆ ತಳಮಳದಲ್ಲೇ 'ಯಯಾತಿ' ಬರೆದರು. ಮಕ್ಕಳ ಯೌವನದ ಮೇಲೆ ಹಿರಿಯರ ಹಕ್ಕು ಎಷ್ಟು ಎಂಬ ಆ ನಾಟಕದ ಪ್ರಶ್ನೆ ಸೂಟ್‌ಕೇಸು ಕಟ್ಟುವ ಪ್ರತಿ ಮನೆಯಲ್ಲೂ ಇದೆ. ಕಾರ್ನಾಡರು ಅದನ್ನು ಪುರಾಣದಲ್ಲಿ ಕಂಡರು, ನಾವು ಅಡುಗೆಮನೆಯಲ್ಲಿ ಕಾಣುತ್ತೇವೆ.

ನಮ್ಮ ಜಿಲ್ಲೆಯವರೇ ಆದ ಅನಂತಮೂರ್ತಿಯವರ ಉದಾಹರಣೆ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಿಂದ ಬಂದವರು 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು, 1966ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿ ಒಮ್ಮೆ ತಮ್ಮ ಮಾರ್ಗದರ್ಶಕ ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ಸಿನಿಮಾ ನೋಡಲು ಹೋದರು. ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್', ಸ್ವೀಡಿಷ್ ಭಾಷೆಯ ಚಿತ್ರ, ಕೆಳಗೆ ಇಂಗ್ಲಿಷಿನ ಸಾಲುಗಳೂ ಇರಲಿಲ್ಲ. ಮಾತು ತಿಳಿಯದೆ ನೋಡಿದ ಆ ಚಿತ್ರದಿಂದ ಅವರಿಗೆ ತಮ್ಮ ಮಲೆನಾಡಿನ ಅಗ್ರಹಾರ ನೆನಪಾಯಿತು. 'ಸಂಸ್ಕಾರ' ಹುಟ್ಟಿದ್ದು ಹೀಗೆ, ಅಚ್ಚಾದದ್ದು 1965ರಲ್ಲಿ. ತುಂಗೆಯ ದಡದ ಒಂದು ಅಗ್ರಹಾರದ ಕಥೆಯನ್ನು ಬರೆಸಲು ಬರ್ಮಿಂಗ್‌ಹ್ಯಾಮಿನ ಒಂದು ಸಂಜೆಯ ತಿರುಗಾಟ ಬೇಕಾಯಿತು. ವಿದೇಶದ ಓದು ಎಂದರೆ ತರಗತಿ ಮತ್ತು ಗ್ರಂಥಾಲಯ ಮಾತ್ರ, ಉಳಿದದ್ದೆಲ್ಲ ಕಾಲಹರಣ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಆದರೆ ಆ ಸಂಜೆಯ ಸುತ್ತಲ ಉಳಿದ ಸಂಜೆಗಳು? ಆಗಿನ ಇಂಗ್ಲೆಂಡಿನಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕುತ್ತಿದ್ದವು. ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಹೊತ್ತು ತೆರೆಯಬಹುದೆಂಬ ಕಾನೂನು ಬಂದದ್ದು 1994ರಲ್ಲಿ. ಬರ್ಮಿಂಗ್‌ಹ್ಯಾಮಿನ ಪಕ್ಕದ ಸ್ಮೆದಿಕ್ ಎಂಬಲ್ಲಿ 1964ರ ಚುನಾವಣೆ ನಡೆದದ್ದೇ ಕರಿಯರು, ಕಂದುಬಣ್ಣದವರು ಬೇಡ ಎಂಬ ಕೂಗಿನ ಮೇಲೆ. ಮರುವರ್ಷ ಫೆಬ್ರವರಿಯಲ್ಲಿ ಅಮೆರಿಕದ ಮಾಲ್ಕಮ್ ಎಕ್ಸ್ ಆ ಊರನ್ನು ನೋಡಲೆಂದೇ ಬಂದು ಹೋದರು. ಅಂಥ ಕಾಲದಲ್ಲಿ ನಮ್ಮ ಕಡೆಯ ಒಬ್ಬ ವಿದ್ಯಾರ್ಥಿ ಬಾಡಿಗೆ ಕೋಣೆ ಕೇಳುತ್ತಾ ಬಾಗಿಲು ತಟ್ಟುವುದೆಂದರೆ ಏನು? ಹಾಲು, ಬ್ರೆಡ್ಡು, ಮೊಟ್ಟೆ ಬಿಟ್ಟರೆ ಸಿಗದ ಊರಿನಲ್ಲಿ ಸಸ್ಯಾಹಾರಿಯ ಹೊಟ್ಟೆಪಾಡು ಏನು? ನಮ್ಮ ದೊಡ್ಡ ಲೇಖಕರು ಅಸ್ತಿತ್ವದ ಪ್ರಶ್ನೆಗಳನ್ನು ಹೊತ್ತು ತಂದರು. ಅದಕ್ಕೆ ನಾವು ಋಣಿಗಳು. ದಿನಸಿಯ ಪ್ರಶ್ನೆ ಅವರ ಚೀಲದಲ್ಲಿ ಅಷ್ಟಾಗಿ ಹಿಡಿಸಲಿಲ್ಲ.

ಅನಂತಮೂರ್ತಿಯವರ 'ಕ್ಲಿಪ್ ಜಾಯಿಂಟ್' ಕಥೆ ಇದಕ್ಕೆ ಒಂದಿಷ್ಟು ಹೊರತು. ಇಂಗ್ಲೆಂಡಿನಲ್ಲಿರುವ ಭಾರತೀಯ ತರುಣನೊಬ್ಬ ಅಲ್ಲಿಯ ಸ್ವಾತಂತ್ರ್ಯವನ್ನೂ ತನ್ನ ಸಂಕೋಚವನ್ನೂ ಎದುರುಬದುರು ನಿಲ್ಲಿಸಿಕೊಂಡು ತನ್ನನ್ನೇ ಅನುಮಾನಿಸುವ ಕಥೆ ಅದು. ರಾತ್ರಿಯ ಬೀದಿ ಅವನಿಗೆ ಆಕರ್ಷಣೆ ಮತ್ತು ಪರೀಕ್ಷೆ. ಅದನ್ನು ಓದುವಾಗಲೆಲ್ಲ ನನಗೆ ಹೊಳೆಯುವುದು ಇಷ್ಟು: ಅದೇ ಬೀದಿಯಲ್ಲಿ ಅದೇ ಹೊತ್ತಿಗೆ ಗ್ರಂಥಾಲಯದಿಂದ ಕೋಣೆಗೆ ಹಿಂದಿರುಗುವ ಹುಡುಗಿಗೆ ಬೀದಿ ಬೇರೆಯೇ ಆಗಿರುತ್ತದೆ. ಅವಳು ಬೀಗದ ಕೈಯನ್ನು ಬೆರಳ ಸಂದಿಯಲ್ಲಿ ಹಿಡಿದು ಬೇಗ ಬೇಗ ನಡೆಯುತ್ತಾಳೆ. ಆ ನಡಿಗೆಯ ಕಥೆಯನ್ನು ಇನ್ನು ಯಾರಾದರೂ ಬರೆಯಬೇಕು.

ಮೂರನೆಯ ಬಗೆ ತಂದೆತಾಯಿಗಳ ಪುಸ್ತಕ. ಗೊರೂರರ 'ಅಮೆರಿಕಾದಲ್ಲಿ ಗೊರೂರು' 1980ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಮೂರ್ತಿರಾಯರು 'ಅಪರವಯಸ್ಕನ ಅಮೆರಿಕಾ ಯಾತ್ರೆ' ಬರೆದರು. ಆಮೇಲೆ ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳು ಹೋಗಿ ಬಂದು ಪುಸ್ತಕ ಬರೆದವರಿಗೆ ಲೆಕ್ಕವಿಲ್ಲ. ಮೊದಲ ಇಬ್ಬರದು ಬೇರೆ ಎತ್ತರ, ಅವರ ನಗೆಯಲ್ಲಿ ವಿವೇಕವಿದೆ. ಉಳಿದವುಗಳಲ್ಲಿ ಬಹುಪಾಲನ್ನು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಅವು ಪೂರ್ತಿ ಶನಿವಾರ ಭಾನುವಾರಗಳ ಪುಸ್ತಕಗಳು. ಮಕ್ಕಳಿಗೆ ಬಿಡುವಾದ ದಿನ ಕಾರಿನಲ್ಲಿ ಜಲಪಾತ, ಮ್ಯೂಸಿಯಂ, ದೇವಸ್ಥಾನ. ಸೋಮವಾರದಿಂದ ಶುಕ್ರವಾರ ಮುದುಕರಿಬ್ಬರು ಮುಚ್ಚಿದ ಮನೆಯಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂತಿರುತ್ತಾರೆ, ಆದರೆ ಪುಸ್ತಕದಲ್ಲಿ ಆ ಐದು ದಿನ ಇರುವುದೇ ಇಲ್ಲ. ಅಜ್ಜಿ ಅಲ್ಲೂ ಎಲ್ಲರಿಗೂ ಚಪಾತಿ ಲಟ್ಟಿಸಿದ್ದು ಒಂದು ಸಾಲಿನಲ್ಲಿ ಮುಗಿಯುತ್ತದೆ. ಪುಸ್ತಕ ಬರೆಯುವವರು ಅಜ್ಜ ತಾನೆ?

ಸುಧಾ ಮೂರ್ತಿಯವರ 'ಡಾಲರ್ ಸೊಸೆ' ನಮ್ಮಂಥ ಊರುಗಳಲ್ಲಿ ಅಷ್ಟು ಓದಿಸಿಕೊಂಡದ್ದಕ್ಕೆ ಕಾರಣ ಇದೇ ಇರಬೇಕು. ಡಾಲರನ್ನು ಪೂಜಿಸುತ್ತಿದ್ದ ಅತ್ತೆ ತಾನೇ ಹೋಗಿ, ತಾನೇ ಕಂಡು, ಭ್ರಮೆ ಕಳೆದುಕೊಂಡು ಬರುತ್ತಾಳೆ. ಅಡುಗೆಮನೆಯ ಕಣ್ಣಿನಿಂದ ಅಮೆರಿಕವನ್ನು ನೋಡುವ ಕೆಲಸ ಅಲ್ಲಿ ನಡೆದಿದೆ. ಇನ್ನು ನೇಮಿಚಂದ್ರ ಅವರು. ವಿಮಾನ ಕಾರ್ಖಾನೆಯ ಎಂಜಿನಿಯರಾಗಿದ್ದು 'ಪೆರುವಿನ ಪವಿತ್ರ ಕಣಿವೆಯಲ್ಲಿ'ಯಂಥ ಪುಸ್ತಕ ಕೊಟ್ಟವರು. ಹೆಣ್ಣು ದೂರದ ದೇಶವನ್ನು ತನ್ನ ಕುತೂಹಲಕ್ಕಾಗಿಯೇ ನೋಡಬಹುದು ಎಂದು ಅವರು ತೋರಿಸಿಕೊಟ್ಟದ್ದು ಸಣ್ಣ ಮಾತಲ್ಲ. ಆದರೆ ಒಂದು ಪುಸ್ತಕದ ಅತ್ತೆ ಅತಿಥಿ, ಇನ್ನೊಂದರ ಲೇಖಕಿ ಪ್ರವಾಸಿ. ವಿದ್ಯಾರ್ಥಿನಿ ಇವರಿಬ್ಬರಿಗಿಂತ ಬೇರೆ. ಅವಳಿಗೆ ಮನೆಯೂ ಇಲ್ಲ, ಹಿಂದಿರುಗುವ ಟಿಕೆಟ್ಟಿನ ದಿನಾಂಕವೂ ಇಲ್ಲ.

ದಿನನಿತ್ಯದ ಸಣ್ಣ ಸಂಗತಿ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಆನಂದಿಬಾಯಿ ಜೋಶಿಯವರ ಕಥೆ ನೋಡಿ. 1883ರಲ್ಲಿ, ಹದಿನೆಂಟು ವರ್ಷದ ಆ ಮರಾಠಿ ಹೆಣ್ಣುಮಗಳು ಗಂಡನನ್ನು ಇಲ್ಲೇ ಬಿಟ್ಟು ಅಮೆರಿಕೆಗೆ ವೈದ್ಯಕೀಯ ಓದಲು ಹೋದಳು. 1886ರ ಮಾರ್ಚಿನಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದಳು. ಕೊಲ್ಹಾಪುರದ ಆಸ್ಪತ್ರೆಯ ಹೆಂಗಸರ ವಿಭಾಗಕ್ಕೆ ನೇಮಕವೂ ಆಯಿತು. 1887ರ ಫೆಬ್ರವರಿ 26ರಂದು, ಇಪ್ಪತ್ತೆರಡು ತುಂಬುವ ಮೊದಲೇ, ಕ್ಷಯದಿಂದ ತೀರಿಕೊಂಡಳು. ಅವಳ ಸಾಧನೆ ಶಾಲೆಯ ಪುಸ್ತಕಗಳಲ್ಲೂ ಇದೆ. ಆದರೆ ಅವಳು ಗೆಳತಿಯರಿಗೂ ಗಂಡನಿಗೂ ಬರೆದ ಕಾಗದಗಳು ಉಳಿದಿದ್ದರಿಂದ, 1888ರಲ್ಲೇ ಕ್ಯಾರೊಲಿನ್ ಡಾಲ್ ಎಂಬ ಅಮೆರಿಕದ ಲೇಖಕಿ ಅವಳ ಜೀವನಚರಿತ್ರೆ ಬರೆದುದರಿಂದ, ನಮಗೆ ಇನ್ನೊಂದು ವಿಷಯವೂ ತಿಳಿಯುತ್ತದೆ. ಫಿಲಡೆಲ್ಫಿಯಾದ ಕೋಣೆಯ ಬೆಂಕಿಗೂಡು ಸರಿಯಿರಲಿಲ್ಲ. ಉರಿಸಿದರೆ ಕೋಣೆಯೆಲ್ಲ ಹೊಗೆ, ಆರಿಸಿದರೆ ಕೊರೆಯುವ ಚಳಿ. ಮೈಮೇಲೆ ಮಹಾರಾಷ್ಟ್ರದ ಸೀರೆ, ಊಟ ಸಸ್ಯಾಹಾರ. ಹೊಗೆಯುಗುಳುವ ಒಂದು ಒಲೆ ಚರಿತ್ರೆಗೆ ಸಣ್ಣ ವಿಷಯ. ದಿನವೂ ಅದರ ಮುಂದೆ ಕೂತು ಕೆಮ್ಮುತ್ತಾ ಓದಿದವಳಿಗೆ ಅದು ಸಣ್ಣದಾಗಿತ್ತೆ? ಊಟ ಏನು ಮಾಡಿದೆ, ಕೋಣೆ ಬೆಚ್ಚಗಿದೆಯಾ ಎಂದು ತಾಯಿ ಕೇಳುವ ಪ್ರಶ್ನೆಗಳನ್ನು ಹೆಂಗಸರ ಹಳೆಯ ಚಾಳಿ ಎಂದು ನಗುವವರು ಈ ಒಲೆಯನ್ನು ನೆನಪಿಡಬೇಕು.

ನಮ್ಮವರೇ ಆದ ರಾಜೇಶ್ವರಿ ಚಟರ್ಜಿಯವರ ಬಗ್ಗೆ ಇಷ್ಟು ವಿವರ ಕನ್ನಡದ ಸಾಮಾನ್ಯ ಓದುಗಿತ್ತಿಗೆ ಸಿಗುವುದಿಲ್ಲ. 1922ರಲ್ಲಿ ಹುಟ್ಟಿದವರು, ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಅಲ್ಲಿ 1917ರಿಂದ ನಡೆಯುತ್ತಿದ್ದ ಬಾರ್ಬರ್ ವಿದ್ಯಾರ್ಥಿವೇತನವೂ ಮುಂದೆ ಅವರಿಗೆ ದೊರೆಯಿತು. ಡಾಕ್ಟರೇಟ್ ಮುಗಿಸಿ 1953ರಲ್ಲಿ ಹಿಂದಿರುಗಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಪಾಠ ಮಾಡಿದರು, ಮೈಕ್ರೋವೇವ್ ಕ್ಷೇತ್ರದಲ್ಲಿ ಹೆಸರಾದರು. 2010ರಲ್ಲಿ ತೀರಿಕೊಂಡರು. ದೇಶ ಇನ್ನೇನು ಸ್ವತಂತ್ರವಾಗುವ ವರ್ಷ ಇಪ್ಪತ್ತೈದರ ಕನ್ನಡದ ಹುಡುಗಿಯೊಬ್ಬಳು ಹಿಮ ಬೀಳುವ ಊರಿನಲ್ಲಿ ಎಂಜಿನಿಯರಿಂಗ್ ಓದಿದ ಆ ವರ್ಷಗಳು ಎಂಥ ಕಥೆಯಾಗಬಹುದಿತ್ತು! ಅವರು ತಮ್ಮ ನೆನಪುಗಳನ್ನು ಬರೆದದ್ದು ಇಂಗ್ಲಿಷಿನಲ್ಲಿ. ನಮ್ಮ ಪ್ರಕಾಶಕರು, ಅನುವಾದಕರು ಅತ್ತ ನೋಡಿದರೆ ಎಷ್ಟು ಹುಡುಗಿಯರಿಗೆ ಉಪಕಾರವಾದೀತು.

ಈಗ ಇಂದಿನ ಬಗೆ, ಅಂದರೆ ಫೋನಿಗೆ ಬರುವ ಫೋಟೋಗಳು. ಇದನ್ನೂ ಒಂದು ಬರವಣಿಗೆಯೆಂದೇ ತಿಳಿದು ವಿಮರ್ಶೆ ಮಾಡಬೇಕು ಎಂದು ನನ್ನ ಅಭಿಪ್ರಾಯ. ನಮ್ಮ ಬೀದಿಯ ಹುಡುಗಿಯೊಬ್ಬಳು ಈಗ ಅದೇ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಳೆ. ಅವಳ ತಾಯಿ ಸಂಜೆ ಕಟ್ಟೆಯ ಮೇಲೆ ಕೂತು ಫೋಟೋ ತೋರಿಸುತ್ತಾರೆ. ಕಾಲುವೆಯ ದಡದಲ್ಲಿ ನಿಂತದ್ದು, ರೈಲಿನಲ್ಲಿ ಗಂಟೆಯೊಳಗೆ ತಲುಪುವ ಸ್ಟ್ರಾಟ್‌ಫರ್ಡಿನಲ್ಲಿ ಶೇಕ್ಸ್‌ಪಿಯರ್ ಹುಟ್ಟಿದ ಮನೆಯ ಮುಂದೆ ನಿಂತದ್ದು, ಊರ ಹೊರಗೆ 2006ರಲ್ಲಿ ತೆರೆದ ಬಾಲಾಜಿ ದೇವಸ್ಥಾನದಲ್ಲಿ ಸೀರೆ ಉಟ್ಟು ನಿಂತದ್ದು. ಎಲ್ಲದರಲ್ಲೂ ನಗು, ಎಲ್ಲದರಲ್ಲೂ ಬಿಸಿಲು. ನೋಡಿದ ನೆರೆಯವರ ಟೀಕೆ ಸಿದ್ಧವಾಗಿರುತ್ತದೆ: 'ಓದೋಕೆ ಹೋಗಿದ್ದಾಳೋ ತಿರುಗೋಕೆ ಹೋಗಿದ್ದಾಳೋ?' ಇದೇ ಬೀದಿಯ ಹುಡುಗ ಇಂಥದೇ ಫೋಟೋ ಕಳಿಸಿದರೆ 'ಲೋಕ ನೋಡ್ತಿದ್ದಾನೆ, ನೋಡಲಿ ಬಿಡಿ' ಎನ್ನುವವರೂ ಇವರೇ.

ಆ ಫೋಟೋಗಳಲ್ಲಿ ಇಲ್ಲದ್ದು ಏನೆಂದು ತಾಯಿಗೂ ಮಗಳಿಗೂ ನಡೆದ ಈ ಮಾತಿನಲ್ಲಿ ತಿಳಿಯುತ್ತದೆ.

'ಇವತ್ತು ಎಲ್ಲಿಗೆ ಹೋಗಿದ್ದೆ ಪುಟ್ಟಿ?'

'ಎಲ್ಲಿಗೂ ಇಲ್ಲಮ್ಮ. ಬಟ್ಟೆ ಒಗ್ದೆ. ಅನ್ನ ಮಾಡಿ ನಾಲ್ಕು ಡಬ್ಬಿಗೆ ಹಾಕಿಟ್ಟೆ.'

'ನಾಲ್ಕು ಯಾಕೆ?'

'ನಾಲ್ಕು ದಿನಕ್ಕೆ.'

ತಾಯಿ ಅಂದು ರಾತ್ರಿ ಊಟ ಮಾಡಲಿಲ್ಲವಂತೆ. ಹಳಸಲು ಅನ್ನವನ್ನು ಹಸುವಿಗೂ ಯೋಚಿಸಿ ಹಾಕುವ ಮನೆ ಅದು. ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದೆಂಬ ಅಲ್ಲಿಯ ವೀಸಾದ ಕಟ್ಟಳೆ, ಆ ದುಡಿಮೆ ಸಾಮಾನ್ಯವಾಗಿ ಶನಿವಾರ ಭಾನುವಾರಗಳ ಮೇಲೇ ಬಂದು ಕೂರುವುದು, ಸಂಜೆಗೆ ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸಿದ ತರಕಾರಿಗಾಗಿ ಕಾಯುವುದು, ಪೌಂಡನ್ನು ರೂಪಾಯಿಗೆ ಗುಣಿಸಿ ನೋಡಿ ಒಂದು ಕಾಫಿಯನ್ನು ಬಿಡುವುದು, ಯಾವುದೂ ಫೋಟೋ ಆಗುವುದಿಲ್ಲ. ಹತ್ತು ಭಾನುವಾರ ದುಡಿದು ಹನ್ನೊಂದನೆಯ ಭಾನುವಾರ ಸ್ಟ್ರಾಟ್‌ಫರ್ಡಿಗೆ ಹೋದರೆ ಬೀದಿಗೆ ಕಾಣುವುದು ಹನ್ನೊಂದನೆಯದು.

ಫೋಟೋ ಸುಳ್ಳು ಹೇಳುತ್ತದೆ ಎಂದು ನಾನು ಹೇಳುತ್ತಿಲ್ಲ. ಆ ನಗೆ ನಿಜವಾದದ್ದೇ. ನಮ್ಮ ತಿರುಗಾಟಗಳನ್ನು ನೆನಪಿಸಿಕೊಳ್ಳಿ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ, ಮಳೆಗಾಲದ ಜೋಗ, ಎಲ್ಲಿ ಹೋದರೂ ಮನೆಮಂದಿಯೆಲ್ಲ ಒಟ್ಟಿಗೆ, ಮುಂಜಾನೆ ನಾಲ್ಕಕ್ಕೆ ಎದ್ದು ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು. ಅದರ ಸುಖ ಅದಕ್ಕೆ. ಆದರೆ ನಮ್ಮ ಊರಿನ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ತುಂಗೆಯ ದಡದಲ್ಲಿ ಒಬ್ಬರೇ ಒಂದು ಗಂಟೆ ಕೂತಿದ್ದೇವೆ, ಯಾರೂ ಕಾರಣ ಕೇಳದಂತೆ? ಆ ಹುಡುಗಿ ತನ್ನ ದುಡ್ಡಿನಲ್ಲಿ ಟಿಕೆಟ್ಟು ಕೊಂಡು, ತಪ್ಪು ರೈಲು ಹತ್ತದ ಹಾಗೆ ತಾನೇ ನೋಡಿಕೊಂಡು, ಯಾರಿಗೂ ಬುತ್ತಿ ಬಡಿಸದೆ ಒಂದು ದಿನ ಕಳೆದದ್ದು ಅವಳ ಬಾಳಿನಲ್ಲಿ ಅದೇ ಮೊದಲು. ಅನಂತಮೂರ್ತಿಯವರ ಸಿನಿಮಾದ ಸಂಜೆಯನ್ನು ನಾವು ಸಾಹಿತ್ಯ ಚರಿತ್ರೆಯಲ್ಲಿ ಬರೆದುಕೊಂಡಿದ್ದೇವೆ. ಇವಳ ರೈಲಿನ ಭಾನುವಾರಕ್ಕೆ ಮಾತ್ರ ಕಟ್ಟೆಯ ಮೇಲಿನ ಟೀಕೆ ಸಾಕೆ?

ಈ ಟೀಕೆಯ ಫಲ ಏನಾಗುತ್ತದೆಂದು ನೋಡಿ. ಮಗಳು ತಿರುಗಾಟದ ಫೋಟೋ ಕಳಿಸಿದರೆ ಜನ ಆಡಿಕೊಳ್ಳುತ್ತಾರೆ, ಕಷ್ಟ ಹೇಳಿದರೆ ಅಮ್ಮ ಊಟ ಬಿಡುತ್ತಾಳೆ. ಕೊನೆಗೆ ಅವಳು ಎರಡನ್ನೂ ನಿಲ್ಲಿಸಿ 'ಚೆನ್ನಾಗಿದೀನಮ್ಮ' ಎಂಬ ಒಂದೇ ಮಾತಿಗೆ ಇಳಿಯುತ್ತಾಳೆ. ಹಿಂದಿನ ಕಾದಂಬರಿಯ ಖಾಲಿ ಜಾಗ ದಿನಕ್ಕೆರಡು ಸಲ ವಿಡಿಯೋದಲ್ಲಿ ಮುಖ ಕಾಣುವ ಈ ಕಾಲದಲ್ಲೂ ಹಾಗೇ ಉಳಿಯುತ್ತದೆ. ಆ ಮಾತಿನ ಹಿಂದೆ ಒಂಟಿತನವಿದ್ದರೆ, ಕಾಯಿಲೆಯಿದ್ದರೆ, ಕೋಣೆಯ ಯಜಮಾನನ ಕಿರುಕುಳವಿದ್ದರೆ ನಮಗೆ ತಿಳಿಯುವ ದಾರಿ ಯಾವುದು? ಸಾವಿರಾರು ಮೈಲಿ ಆಚೆ ಇರುವ ಹುಡುಗಿಗೆ ನಿಜ ಹೇಳಬಹುದಾದ ಒಂದು ಕಿವಿ ಊರಿನಲ್ಲಿ ಇರಲೇಬೇಕು.

ಆದ್ದರಿಂದ ನನಗೆ ಬೇಕಾದ ಪುಸ್ತಕ ಇಂಥದು. ಅದರಲ್ಲಿ ಸರೋವರ, ಅರಮನೆ ಇರಲಿ, ಜೊತೆಗೆ ಅಲ್ಲಿಗೆ ಹೋದ ಟಿಕೆಟ್ಟಿನ ಬೆಲೆಯೂ ಇರಲಿ. ನಾಲ್ಕು ಡಬ್ಬಿ ಅನ್ನ ಇರಲಿ. ಮೊದಲ ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾದಾಗ ಏನನ್ನಿಸಿತು, ಜೊತೆಯ ಕೋಣೆಯ ಪರದೇಶದ ಹುಡುಗಿಯ ಜೊತೆ ಸಿಂಕಿನ ಪಾತ್ರೆಗಾಗಿ ಜಗಳವಾಗಿ ಆಮೇಲೆ ಸ್ನೇಹ ಹೇಗಾಯಿತು, ಸಾಲದ ಕಂತು ನೆನಪಾಗಿ ಎಚ್ಚರವಾದ ರಾತ್ರಿಗಳು ಎಷ್ಟು ಎಂಬುದೂ ಇರಲಿ. ಒಬ್ಬಳೇ ಕೂತು ಯಾವುದೋ ನದಿ ನೋಡಿದ ಸಂತೋಷವನ್ನು ಯಾರ ಕ್ಷಮೆಯನ್ನೂ ಕೇಳದೆ ಬರೆದಿರಲಿ. ಭಾಷೆ ಅಲಂಕಾರದ್ದಾಗಬೇಕಿಲ್ಲ, ಅಮ್ಮನಿಗೆ ಫೋನಿನಲ್ಲಿ ಹೇಳುವ ಕನ್ನಡವೇ ಸಾಕು.

ಅಂಥದನ್ನು ಬರೆಯಬಲ್ಲವರು ನಮ್ಮ ಮನೆಗಳಲ್ಲೇ ಇದ್ದಾರೆ. ತಾಯಂದಿರು ಮಾಡಬಹುದಾದ ಕೆಲಸವೂ ಒಂದಿದೆ. ಮುಂದಿನ ಸಲ ಮಗಳು ಫೋಟೋ ಕಳಿಸಿದಾಗ 'ಚೆನ್ನಾಗಿದೆ' ಎಂದು ಮುಗಿಸದೆ ಅಂದು ಬೆಳಿಗ್ಗೆಯಿಂದ ಏನೇನಾಯಿತು ಎಂದು ಕೇಳಿ. ಅವಳು ಹೇಳಿದಾಗ ಅಳಬೇಡಿ, ಬೈಯಬೇಡಿ, ಬೀದಿಗೆ ಹೇಳಬೇಡಿ. ಅವಳ ಮಾತನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ.